ವಿಲಂಬೋಪಾಸಕ ಮೀಮಾಂಸೆ

ಶಿಲಾಶಾಸನಗಳಿಗೆ ಶಾಸನಶಾಸ್ತ್ರವಿದೆ, ಕೀಟಗಳಿಗೆ ಕೀಟಶಾಸ್ತ್ರವಿದೆ. ನಸುಕಿನ ನಾಲ್ಕೂವರೆಗೆ ಎದ್ದು, ಮನೆಯವರ ನಿದ್ದೆ ಕೆಡದಿರಲೆಂದು ಲೈಟು ಹಾಕದೆ, ಕತ್ತಲಲ್ಲಿ ದಿಂಬು ತಡಕಾಡುವ ಅರವತ್ತೆರಡರ ಗೃಹಸ್ಥನಿಗೆ ಮಾತ್ರ ಈವರೆಗೆ ಯಾವ ಶಾಸ್ತ್ರವೂ ನಿರ್ಮಾಣವಾಗಿಲ್ಲ. ಉತ್ತರವಯಸ್ಸಿನಲ್ಲಿ ಬುದ್ಧಮಾರ್ಗವನ್ನು ಹಿಡಿದ ಇಂಥವರನ್ನು ನಾವು ವಿಲಂಬೋಪಾಸಕರೆಂದು ಕರೆಯುತ್ತೇವೆ. ಅವರ ಲಕ್ಷಣ, ಭೇದ, ಉಪಭೇದಗಳನ್ನು ಕ್ರಮಬದ್ಧವಾಗಿ ನಿರೂಪಿಸುವುದೇ ಈ ನೂತನ ಶಾಸ್ತ್ರದ ಉದ್ದೇಶ.

ಶಾಸ್ತ್ರಾರಂಭದಲ್ಲಿ ಅನುಬಂಧ ಚತುಷ್ಟಯವನ್ನು ಹೇಳುವುದು ಸಂಪ್ರದಾಯ. ಅಧಿಕಾರಿ: ಮನೆಯಲ್ಲಿ ಇಂಥವರೊಬ್ಬರನ್ನು ಹೊಂದಿರುವ ಸಮಸ್ತರೂ. ವಿಷಯ: ಅಂಥವರು. ಸಂಬಂಧ: ಪ್ರಾಯಶಃ ದಾಂಪತ್ಯ, ಕ್ವಚಿತ್ ಪಿತೃಪುತ್ರಭಾವ. ಪ್ರಯೋಜನ: ಬೆಳಗಿನ ಕಾಫಿಯ ಸಮಯವನ್ನು ನಿಶ್ಚಿತವಾಗಿ ಗೊತ್ತುಪಡಿಸಲು ಬೇಕಾದ ತತ್ತ್ವಜ್ಞಾನ.

1. ಲಕ್ಷಣ ವಿಚಾರ

ಲಕ್ಷಣವು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ದೋಷತ್ರಯದಿಂದ ಮುಕ್ತವಾಗಿರಬೇಕೆಂಬುದು ತಾರ್ಕಿಕರ ನಿಯಮ. ‘ನಿವೃತ್ತಿಯ ಅನಂತರ ಬೌದ್ಧಸಾಧನೆಗೆ ತೊಡಗಿದವನು’ ಎಂಬ ಲಕ್ಷಣವನ್ನು ಮೊದಲು ಪರೀಕ್ಷಿಸೋಣ. ಕರ್ನಾಟಕ ಸರ್ಕಾರದ ನೌಕರನಿಗೆ 60ಕ್ಕೆ ನಿವೃತ್ತಿಯುಂಟು. ಅಡಿಕೆ ತೋಟದ ಯಜಮಾನನಿಗೆ, ಕಿರಾಣಿ ಅಂಗಡಿಯವನಿಗೆ, ವಕೀಲನಿಗೆ ಅದಿಲ್ಲ. ಗೃಹಿಣಿಗಂತೂ ಅದರ ಕಲ್ಪನೆಯೂ ಇಲ್ಲ. ಇವರೆಲ್ಲ ಹೊರಗುಳಿಯುವುದರಿಂದ ಅವ್ಯಾಪ್ತಿ. ‘ಅರವತ್ತು ದಾಟಿ, ಮುಂಜಾನೆ ಕಣ್ಣು ಮುಚ್ಚಿ ಕೂರುವವನು’ ಎಂದರೆ ವಾಕಿಂಗ್ ಮುಗಿಸಿ ಪಾರ್ಕಿನ ಬೆಂಚಿಗೆ ಒರಗಿದವರೆಲ್ಲರೂ ಒಳಸೇರುತ್ತಾರೆ, ಅತಿವ್ಯಾಪ್ತಿ. ‘ಸಮಸ್ತ ಆಸೆಗಳನ್ನೂ ತೊರೆದ ಮೇಲೆ ಬುದ್ಧನನ್ನು ಆಶ್ರಯಿಸಿದವನು’ ಎಂಬ ಮೂರನೆಯ ಲಕ್ಷಣಕ್ಕೆ ನಿದರ್ಶನವೇ ದೊರೆಯದ್ದರಿಂದ ಅಸಂಭವ.

ಆದ್ದರಿಂದ ನಮ್ಮ ಲಕ್ಷಣ ಇದು: ಯಾವ ಸಾಧಕನಿಗೆ ಧ್ಯಾನಕ್ಕೆ ಕೂರಲು ಬೇಕಾದ ಸಂಕಲ್ಪಕ್ಕಿಂತ ಧ್ಯಾನದಿಂದ ಏಳಲು ಬೇಕಾದ ಸಂಕಲ್ಪ ಹೆಚ್ಚಿನದೋ, ಆತ ವಿಲಂಬೋಪಾಸಕ.

ಆಕ್ಷೇಪ: ಕಾಲು ಜೋಮು ಹಿಡಿದ ತರುಣನಿಗೂ ಇದು ಅನ್ವಯಿಸುತ್ತದಲ್ಲ? ಸಮಾಧಾನ: ‘ನಿತ್ಯವೂ’ ಎಂಬ ವಿಶೇಷಣವನ್ನು ಸೇರಿಸಿಕೊಳ್ಳತಕ್ಕದ್ದು. ಆಕ್ಷೇಪ: ಧ್ಯಾನಸುಖದಲ್ಲಿ ಮುಳುಗಿ ಏಳಲೊಲ್ಲದ ಯೋಗಿಗೆ? ಸಮಾಧಾನ: ‘ಶಾರೀರಿಕ ಕಾರಣದಿಂದ’ ಎಂದು ಸೇರಿಸಿದರೆ ಯೋಗಿ ಹೊರಹೋಗುತ್ತಾನೆ. ಆಕ್ಷೇಪ: ಕುರ್ಚಿಯ ಮೇಲೆ ಕೂರುವ ವೃದ್ಧನು ತೋಳಿಗೆ ಕೈಯೂರಿ ಸಲೀಸಾಗಿ ಏಳುತ್ತಾನಲ್ಲ? ಸಮಾಧಾನ: ಲಕ್ಷಣದಲ್ಲಿ ವಿವಕ್ಷಿತವಾದದ್ದು ತೋಳಿಲ್ಲದ ಕುರ್ಚಿ. ಹೀಗೆ ಲಕ್ಷಣವು ಪರಿಷ್ಕೃತವಾಯಿತು.

ವಯಸ್ಸೊಂದನ್ನೇ ಮಾನದಂಡ ಮಾಡಿಕೊಂಡಿದ್ದರೆ ಇನ್ನೊಂದು ಗುರುತರ ಪ್ರಮಾದ ಸಂಭವಿಸುತ್ತಿತ್ತು. ಡಾ. ಬಿ.ಆರ್. ಅಂಬೇಡ್ಕರ್ ಅವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದಾಗ ಅವರಿಗೆ 65 ವರ್ಷ. ಆದರೆ ತಾನು ಹಿಂದುವಾಗಿ ಸಾಯುವುದಿಲ್ಲವೆಂದು ಯೇವಲಾದಲ್ಲಿ ಅವರು ಸಾರಿದ್ದು 1935ರಲ್ಲಿ. ಇಪ್ಪತ್ತೊಂದು ವರ್ಷ ಓದಿ, ತೂಗಿ, ವಾದಿಸಿ ಇಟ್ಟ ಹೆಜ್ಜೆಗೆ ವಿಲಂಬವೆಂಬ ಹೆಸರು ಸಲ್ಲದು, ಅದು ನಿರ್ಣಯ. ಅವರ ಹಿಂದೆ ಬಂದ ಲಕ್ಷಾಂತರ ಜನರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಬುದ್ಧ ನಿವೃತ್ತಿಯ ಹವ್ಯಾಸವಲ್ಲ. ಅವರು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಬರಮಾಡಿಕೊಳ್ಳುವ ಯೋಗ್ಯತೆಯೂ ಶಾಸ್ತ್ರಕ್ಕಿಲ್ಲ.

2. ಆಗಮ ಪ್ರಮಾಣ

ತಡವಾಗಿ ಬಂದವನಿಗೆ ಪಾಲಿ ವಾಙ್ಮಯದಲ್ಲಿ ಒಂದು ಪಾರಿಭಾಷಿಕ ಪದವೇ ಉಂಟು: ವುಡ್ಢಪಬ್ಬಜಿತ. ಆ ವಾಙ್ಮಯಕ್ಕೆ ಈತನ ವಿಷಯದಲ್ಲಿ ಒಳ್ಳೆಯ ಅಭಿಪ್ರಾಯವಿಲ್ಲವೆಂಬುದನ್ನು ಮರೆಮಾಚುವುದು ಶಾಸ್ತ್ರಧರ್ಮವಲ್ಲ. ಅಂಗುತ್ತರ ನಿಕಾಯದ ಪಂಚಕನಿಪಾತದಲ್ಲಿ ಅಕ್ಕಪಕ್ಕದಲ್ಲೇ ಎರಡು ಸುತ್ತಗಳಿವೆ. ಮೊದಲನೆಯದರ ಪ್ರಕಾರ, ಮುಪ್ಪಿನಲ್ಲಿ ಸಂಘ ಸೇರಿದವರಲ್ಲಿ ಸೂಕ್ಷ್ಮಮತಿ, ಶಿಷ್ಟವರ್ತನೆಯುಳ್ಳವನು, ಬಹುಶ್ರುತ, ಧರ್ಮಕಥಿಕ, ವಿನಯಧರ ಈ ಐವರು ದುರ್ಲಭ. ಎರಡನೆಯದರಲ್ಲಿ ಕೊನೆಯ ಇಬ್ಬರು ಹಾಗೆಯೇ ಉಳಿದು, ಮೊದಲ ಮೂವರ ಸ್ಥಾನದಲ್ಲಿ ಹೇಳಿದ ಮಾತು ಕೇಳುವವನು, ಕಲಿತದ್ದನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳುವವನು, ತಿದ್ದಿದರೆ ಆದರದಿಂದ ಒಪ್ಪುವವನು ಇದ್ದಾರೆ. ಎರಡನ್ನೂ ಕೂಡಿಸಿ ಪುನರುಕ್ತಿಯನ್ನು ಕಳೆದರೆ ದುರ್ಲಭಗುಣಗಳು ಎಂಟು.

ಈ ಎಂಟರಲ್ಲಿ ಹೇಳಿದ ಮಾತು ಕೇಳುವ ಗುಣದ ಅಭಾವವನ್ನು ಕ್ಷೇತ್ರಾಧ್ಯಯನ ನಿಸ್ಸಂದೇಹವಾಗಿ ದೃಢಪಡಿಸುತ್ತದೆ. ಮೂರು ದಶಕ ಕಡತದ ಅಂಚಿನಲ್ಲಿ ಟಿಪ್ಪಣಿ ಬರೆದು ಕೆಳಗೆ ಕಳಿಸಿದ ಅಧಿಕಾರಿಯು, ಧ್ಯಾನಶಿಬಿರದ ಇಪ್ಪತ್ತೆಂಟರ ಧಮ್ಮಸೇವಕ ಬಗ್ಗಿ ಪಿಸುದನಿಯಲ್ಲಿ “ಸರ್, ದಯವಿಟ್ಟು ಆಚಾರ್ಯರ ಕಡೆ ಕಾಲು ಚಾಚಬೇಡಿ” ಎಂದಾಗ, ಈ ಸೂಚನೆ ಯಾವ ಸುತ್ತೋಲೆಯ ಮೇರೆಗೆ ಬಂತೆಂಬ ಪ್ರಶ್ನೆಯನ್ನು ಕಣ್ಣಿನಿಂದಲಾದರೂ ಕೇಳದೆ ಇರಲಾರನು.

ಪಾಲಿ ಪರಂಪರೆಯ ಈ ಅಪನಂಬಿಕೆಗೆ ಐತಿಹಾಸಿಕ ಕಾರಣವುಂಟು. ಬುದ್ಧನ ಪರಿನಿರ್ವಾಣದ ವಾರ್ತೆ ಕೇಳಿ ಭಿಕ್ಷುಗಳು ಅಳುತ್ತಿದ್ದಾಗ, ಮುಪ್ಪಿನಲ್ಲಿ ದೀಕ್ಷೆ ಪಡೆದಿದ್ದ ಸುಭದ್ದನೆಂಬವನು ಸಮಾಧಾನ ಹೇಳಿದ: ಇದು ಸಲ್ಲುತ್ತದೆ, ಇದು ಸಲ್ಲದು ಎಂದು ಪೀಡಿಸುವವರು ಇನ್ನಿಲ್ಲ, ಇನ್ನು ಮೇಲೆ ನಮ್ಮಿಷ್ಟದಂತೆ ಇರಬಹುದು ಎಂಬ ತಾತ್ಪರ್ಯದಲ್ಲಿ. ಹಿರಿಯ ಭಿಕ್ಷು ಮಹಾಕಸ್ಸಪರು ರಾಜಗೃಹದಲ್ಲಿ ಪ್ರಥಮ ಸಂಗೀತಿಯನ್ನು, ಅರ್ಥಾತ್ ಭಿಕ್ಷುಗಳ ಮಹಾಸಭೆಯನ್ನು, ಕರೆಯಲು ಈ ಮಾತನ್ನೇ ಕಾರಣವಾಗಿ ಮುಂದಿಟ್ಟರು. ಅಂದರೆ ಧರ್ಮವಿನಯಗಳು ಸಂಗ್ರಹಗೊಂಡು ಉಳಿದದ್ದರಲ್ಲಿ ಒಬ್ಬ ವಿಲಂಬೋಪಾಸಕನ ಪಾಲೂ ಇದೆ. ಆತನಿಗೆ ಈವರೆಗೆ ಯಾರೂ ಕೃತಜ್ಞತೆ ಸಲ್ಲಿಸಿದಂತಿಲ್ಲ.

ಪ್ರತಿಪಕ್ಷದಲ್ಲಿ ಇಬ್ಬರು ಸಾಕ್ಷಿಗಳಿದ್ದಾರೆ. ಶ್ರಾವಸ್ತಿಯ ರಾಧ ಎಂಬ ಮುದಿ ಬ್ರಾಹ್ಮಣ ವಿಹಾರದ ಕಸ ಗುಡಿಸುತ್ತ, ಹುಲ್ಲು ಕೀಳುತ್ತ ಬಿದ್ದಿದ್ದ. ದೀಕ್ಷೆ ಕೊಡಲು ಯಾರೂ ಸಿದ್ಧರಿರಲಿಲ್ಲ. ಹಿಂದೊಮ್ಮೆ ಈತ ತನಗೊಂದು ಸೌಟು ಅನ್ನ ಬಡಿಸಿದ್ದನ್ನು ಬುದ್ಧನ ಶಿಷ್ಯ ಸಾರಿಪುತ್ತ ನೆನೆದು ದೀಕ್ಷೆ ಕೊಟ್ಟ. ಮೇಲೆ ದುರ್ಲಭವೆಂದ ಆ ಗುಣವೇ, ತಿದ್ದಿದರೆ ಒಪ್ಪುವ ಗುಣವೇ, ರಾಧನ ಹೆಗ್ಗಳಿಕೆಯಾಯಿತೆಂದು ಪಾಲಿ ವ್ಯಾಖ್ಯಾನವಾದ ಅಟ್ಠಕಥೆ ಹೇಳುತ್ತದೆ. ಇನ್ನೊಬ್ಬಳು ಹತ್ತು ಮಕ್ಕಳ ತಾಯಿ ಸೋಣಾ. ಮಕ್ಕಳ ಮನೆಗಳಲ್ಲಿ ಮರ್ಯಾದೆ ಕಳೆದುಕೊಂಡು ಮುಪ್ಪಿನಲ್ಲಿ ಭಿಕ್ಷುಣಿಯಾದಳು; ಹಗಲೆಲ್ಲ ಕಿರಿಯ ಭಿಕ್ಷುಣಿಯರ ಚಾಕರಿ, ರಾತ್ರಿ ಕತ್ತಲಲ್ಲಿ ತಲೆ ತಗುಲದಂತೆ ಕಂಬವನ್ನೋ ಮರವನ್ನೋ ಹಿಡಿದುಕೊಂಡು ಸುತ್ತುತ್ತ ಧ್ಯಾನ. ಉದ್ಯಮಶೀಲ ಭಿಕ್ಷುಣಿಯರಲ್ಲಿ ಅಗ್ರಗಣ್ಯಳೆಂದು ಬುದ್ಧನಿಂದ ಹೆಸರು ಪಡೆದಳು. ಧ್ಯಾನಮಂದಿರದ ಗೋಡೆ ಹಿಡಿದು ನಡೆಯುವ ಹಿರಿಯರಿಗೆ ಈಕೆಯ ಕಂಬವೇ ಆಧಾರವಚನ.

ಕನ್ನಡ ನೆಲದ ಪ್ರಮಾಣವೂ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ತಾನು ಎರಡೂವರೆ ವರ್ಷಕ್ಕೂ ಮೀರಿ ಉಪಾಸಕನಾಗಿದ್ದರೂ ಮೊದಲ ಒಂದು ವರ್ಷ ಹೆಚ್ಚಿನ ಪ್ರಯತ್ನ ಮಾಡಲಿಲ್ಲವೆಂದೂ, ಸಂಘದ ಸಂಪರ್ಕ ಬಂದ ಬಳಿಕ ಶ್ರಮಿಸಿದೆನೆಂದೂ ಕೆತ್ತಿಸಿದ್ದಾನೆ. ಇದಕ್ಕೆ ನಾವು ಪ್ರಥಮವರ್ಷ ಶೈಥಿಲ್ಯವೆಂದು ಹೆಸರಿಟ್ಟಿದ್ದೇವೆ. ಚಕ್ರವರ್ತಿಗೇ ಒಂದು ವರ್ಷ ಹಿಡಿದಿರುವಾಗ, ದಿಂಬು ಕೊಂಡು ತಂದ ಮೇಲೆ ಎಂಟು ತಿಂಗಳು ಅದರ ಪ್ಲಾಸ್ಟಿಕ್ ಹೊದಿಕೆ ತೆಗೆಯದಿರುವವರನ್ನು ಸೋಮಾರಿಗಳೆನ್ನುವುದು ಶಾಸನವಿರುದ್ಧ.

3. ಪ್ರೇರಣಾಭೇದ

ಪ್ರವೃತ್ತಿಯ ಕಾರಣವನ್ನು ಅನುಸರಿಸಿ ವಿಲಂಬೋಪಾಸಕರು ಪಂಚವಿಧ.

ಒಂದನೆಯವನು ವೈದ್ಯಮೂಲ. ರಕ್ತದೊತ್ತಡದ ಪಟ್ಟಿಯನ್ನು ತೋಳಿನಿಂದ ಬಿಚ್ಚುತ್ತ ವೈದ್ಯರು “ಟೆನ್ಶನ್ ಕಡಿಮೆ ಮಾಡ್ಕೊಳ್ಳಿ, ಮೆಡಿಟೇಶನ್ ಏನಾದ್ರೂ ಮಾಡಿ” ಎಂದ ಕ್ಷಣದಲ್ಲಿ ಈತನ ಉಪಾಸಕತ್ವ ಉತ್ಪನ್ನವಾಗುತ್ತದೆ. ಈ ವರ್ಗಕ್ಕೆ ಗೌರವಾನ್ವಿತ ಪೂರ್ವನಿದರ್ಶನವಿದೆ: ಮಾಂಡಲೆಯಲ್ಲಿ ಹುಟ್ಟಿದ ವ್ಯಾಪಾರಿ ಸತ್ಯನಾರಾಯಣ ಗೋಯೆಂಕಾ 1955ರಲ್ಲಿ ವಿಪಶ್ಯನೆಯ ಬಾಗಿಲು ತಟ್ಟಿದ್ದು ಗುಣವಾಗದ ಅರೆತಲೆನೋವಿನಿಂದಾಗಿ. ತಲೆನೋವಿಗೆ ಮಾತ್ರವಾದರೆ ಬರಬೇಡ ಎಂದು ಗುರುಗಳು ಆತನನ್ನು ಮೊದಲು ಹಿಂದೆ ಕಳಿಸಿದ್ದರು. ನಮ್ಮ ವೈದ್ಯಮೂಲರು ಈ ಕಥೆಯ ಪೂರ್ವಾರ್ಧವನ್ನು ಮಾತ್ರ ಉಲ್ಲೇಖಿಸುತ್ತಾರೆ.

ಎರಡನೆಯವನು ನಿವೃತ್ತಿಮೂಲ. ಈತನ ಉಪಭೇದಗಳು ಅಧ್ಯಾಪಕ, ಬ್ಯಾಂಕಾಧಿಕಾರಿ, ಅಭಿಯಂತರ, ಲೆಕ್ಕಾಧಿಕಾರಿ ಎಂದು ನಾಲ್ಕಾದರೂ ವಿಚಾರಯೋಗ್ಯನು ಕೊನೆಯವನೊಬ್ಬನೇ. ಗೋಯೆಂಕರ ಗುರು ಊ ಬಾ ಖಿನ್ (1899–1971) ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್ ಆಗಿದ್ದವರು. ಕಚೇರಿಯಲ್ಲಿಯೇ ಸಿಬ್ಬಂದಿಗೆ ಧ್ಯಾನ ಕಲಿಸಿದವರು. ಅವರ ಪರಂಪರೆಯಲ್ಲಿ ಸಾಧಕನು ತಲೆಯಿಂದ ಪಾದದವರೆಗೆ, ಪಾದದಿಂದ ತಲೆಯವರೆಗೆ, ಒಂದು ಅಂಗವನ್ನೂ ಬಿಡದೆ, ಕಂಡದ್ದನ್ನು ಕೂಡಿಸದೆ ಕಳೆಯದೆ ಗಮನಿಸುತ್ತ ಸಾಗಬೇಕು. ಇದು ಲೆಕ್ಕಪರಿಶೋಧನೆಯ ವಿಧಾನವೇ ಎಂಬುದು ನಮ್ಮ ಊಹೆ. ಆದುದರಿಂದಲೇ ಬೆಂಗಳೂರಿನ ಎ.ಜಿ. ಆಫೀಸಿನಿಂದ ನಿವೃತ್ತರಾದವರು ಈ ವಿದ್ಯೆಯನ್ನು ಬೇಗ ಹಿಡಿಯುತ್ತಾರೆ. ಎಡ ಹೆಬ್ಬೆರಳಿನಲ್ಲಿ ಸಂವೇದನೆ ಸಿಗದಿದ್ದರೆ ಅದನ್ನು ಆಕ್ಷೇಪಣೆಯೆಂದು ಬರೆದಿಟ್ಟುಕೊಂಡು ಮುಂದೆ ಹೋಗುತ್ತಾರೆ.

ಮೂರನೆಯವನು ಪುತ್ರಮೂಲ. ಆರು ತಿಂಗಳ ವೀಸಾದಲ್ಲಿ ಅಮೆರಿಕಕ್ಕೆ ಹೋಗಿ, ಮಗ ಸೊಸೆ ಕೆಲಸಕ್ಕೆ ಹೊರಟ ಮೇಲೆ ನಿಶ್ಶಬ್ದವಾದ ಮನೆಯಲ್ಲಿ ಡಿಶ್‌ವಾಷರ್ ನೋಡುತ್ತ ಕುಳಿತ ತಂದೆಗೆ ಮಗನು “ಅಪ್ಪ, ಇದನ್ನ ಟ್ರೈ ಮಾಡಿ” ಎಂದು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಡುತ್ತಾನೆ. ಇಲ್ಲಿ ಗುರುಪರಂಪರೆಯ ಗತಿ ಶೋಧನಾರ್ಹ. 1970ರ ದಶಕದ ಆರಂಭದಲ್ಲಿ ಕೆಲವು ಅಮೆರಿಕನ್ ಯುವಜನರು ಬೋಧಗಯೆಯಲ್ಲಿ ಗೋಯೆಂಕರ ಬಳಿ ಕುಳಿತು ಕಲಿತರು. ಹಿಂದಿರುಗಿ ಮಸಾಚುಸೆಟ್ಸ್‌ನ ಬ್ಯಾರಿಯಲ್ಲಿ ಕೇಂದ್ರ ಸ್ಥಾಪಿಸಿದರು. ಅಂಥ ಕೇಂದ್ರಗಳಿಂದ ಪುಸ್ತಕ, ಪುಸ್ತಕದಿಂದ ಕಂಪನಿಗಳ ತರಬೇತಿ, ತರಬೇತಿಯಿಂದ ಆ್ಯಪ್. ಹೀಗೆ ಗಯೆಯಿಂದ ಹೊರಟದ್ದು ಭೂಗೋಳವನ್ನು ಬಳಸಿ, ಮೈಸೂರಿನ ಕುವೆಂಪುನಗರದ ತಂದೆಗೆ ನ್ಯೂಜೆರ್ಸಿಯಲ್ಲಿ, ಮಗನ ಮುಖಾಂತರ, ಅಮೆರಿಕನ್ ಉಚ್ಚಾರಣೆಯಲ್ಲಿ ತಲುಪುತ್ತದೆ. ಉಪದೇಶವು ಕಿರಿಯನಿಂದ ಹಿರಿಯನಿಗೆ ಹರಿಯುವ ಕಾರಣ ಈ ವರ್ಗದವರು ಮಗನೆದುರು ಮಾತ್ರ ಧ್ಯಾನ ಮಾಡುವುದಿಲ್ಲ.

ನಾಲ್ಕನೆಯವನು ವಿಯೋಗಮೂಲ. ಜೊತೆಗಿದ್ದವರು ಹೋದ ಮೇಲೆ ಬಂದವರು. ಇವರಲ್ಲಿ ಉಪಭೇದ ಮಾಡಲು ಶಾಸ್ತ್ರಕ್ಕೆ ಅಧಿಕಾರವಿಲ್ಲ.

ಐದನೆಯವನು ಸ್ಪರ್ಧಾಮೂಲ. ಎದುರುಮನೆಯವರು ಹತ್ತು ದಿನದ ಶಿಬಿರ ಮುಗಿಸಿ ಬಂದದ್ದರಿಂದ ಉಂಟಾದವನು. ಈತನು ಎರಡು ಶಿಬಿರ ಮುಗಿಸಿದಾಗ ಕಾರಣವು ನಾಶವಾಗಿ, ಕಾರ್ಯವೂ ನಾಶವಾಗುತ್ತದೆ.

ಬೈಲುಕುಪ್ಪೆಯ ಸುವರ್ಣಮಂದಿರದಲ್ಲಿ ಚಿನ್ನದ ಬಣ್ಣದ ಮೂರು ಮೂರ್ತಿಗಳೆದುರು ಫೋಟೊ ತೆಗೆಸಿಕೊಂಡು, ಕಾರಿಗೆ ಐದು ಬಣ್ಣದ ಪ್ರಾರ್ಥನಾ ಪತಾಕೆ ಕಟ್ಟಿ ಮಡಿಕೇರಿಗೆ ಮುಂದುವರಿಯುವವರನ್ನು ಆರನೆಯ ವರ್ಗವಾಗಿ ಸೇರಿಸಬೇಕೆಂಬ ಸಲಹೆ ಬಂದಿತ್ತು. ಲಕ್ಷಣವಾಕ್ಯದ ‘ಕೂರಲು’ ಎಂಬ ಪದ ಇವರಿಗೆ ಅನ್ವಯಿಸದ ಕಾರಣ ಸಲಹೆಯನ್ನು ಕೈಬಿಡಲಾಗಿದೆ.

4. ವಿಗ್ರಹಸ್ಥಾನ ನಿರ್ಣಯ

ಮನೆಗೆ ಬಂದ ಬುದ್ಧವಿಗ್ರಹವನ್ನು ಎಲ್ಲಿಡಬೇಕು? ದೇವರ ಮನೆಯಲ್ಲೆಂದರೆ ನಿತ್ಯ ಹೂ, ನೈವೇದ್ಯಗಳ ಪ್ರಶ್ನೆ ಏಳುತ್ತದೆ. ಷೋಕೇಸಿನಲ್ಲೆಂದರೆ ಮೊಮ್ಮಗನ ಕೇರಂ ಕಪ್ಪಿನ ಪಕ್ಕ. ಬಹುಪಾಲು ಮನೆಗಳಲ್ಲಿ ಯಜಮಾನತಿಯು “ಬುದ್ಧನೂ ದಶಾವತಾರದಲ್ಲಿ ಒಬ್ಬನೇ ಅಲ್ವಾ, ಕೃಷ್ಣನ ಪಕ್ಕ ಇಡಿ” ಎಂದು ತೀರ್ಮಾನಿಸಿ, ಎರಡೂವರೆ ಸಾವಿರ ವರ್ಷಗಳ ವಾದವಿವಾದಕ್ಕೆ ಹತ್ತು ಸೆಕೆಂಡಿನಲ್ಲಿ ತೆರೆ ಎಳೆಯುತ್ತಾರೆ. ಬುದ್ಧನನ್ನು ವಿಷ್ಣುವಿನ ಅವತಾರವೆಂದು ನಂಬುವುದಿಲ್ಲವೆಂಬುದು ನಾಗಪುರದ ದೀಕ್ಷೆಯಲ್ಲಿ ಅಂಬೇಡ್ಕರ್ ಬೋಧಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಐದನೆಯದು. ಆ ಪ್ರತಿಜ್ಞೆ ಏಕೆ ಅಗತ್ಯವಾಯಿತೆಂಬುದನ್ನು ಅರಿಯಲು ಇಂಥ ದೇವರ ಮನೆಯೊಂದನ್ನು ನೋಡಿದರೆ ಸಾಕು.

5. ಜಾನು ಪ್ರಕರಣ

ಇನ್ನು ಶಾಸ್ತ್ರದ ಹೃದಯಭಾಗ, ಅರ್ಥಾತ್ ಮೊಣಕಾಲು.

ಅಭಿಧಮ್ಮಾಚಾರ್ಯರು ರೂಪವನ್ನು ಇಪ್ಪತ್ತೆಂಟು, ಚೈತಸಿಕಗಳನ್ನು ಐವತ್ತೆರಡು ಎಂದು ಎಣಿಸಿದ್ದಾರೆ. ಎರಡು ಪಟ್ಟಿಗಳಲ್ಲಿಯೂ ಮೊಣಕಾಲಿನ ಹೆಸರಿಲ್ಲ. ಅದು ರೂಪಸ್ಕಂಧದಲ್ಲಿ ಅಂತರ್ಗತವೆಂಬುದು ಪೂರ್ವಪಕ್ಷ. ಇದನ್ನು ನಾವು ಒಪ್ಪುವುದಿಲ್ಲ. ಮೂಳೆ ಮತ್ತು ಮೃದ್ವಸ್ಥಿ ರೂಪವೇ ಸರಿ. ಆದರೆ ಅಲ್ಲಿನ ನೋವು ವೇದನಾಸ್ಕಂಧ. ‘ಇದು ಎಡಗಾಲಿನದು, ಹಳೆಯದು’ ಎಂಬ ಗುರುತು ಸಂಜ್ಞಾಸ್ಕಂಧ. ‘ಗಂಟೆ ಹೊಡೆಯಲು ಇನ್ನೂ ಇಪ್ಪತ್ತು ನಿಮಿಷವಾದರೂ ಇದೆ, ಇವರು ಗಡಿಯಾರ ನಿಲ್ಲಿಸಿದ್ದಾರೆ’ ಎಂಬ ನಿರ್ಮಾಣ ಸಂಸ್ಕಾರಸ್ಕಂಧ. ಇವೆಲ್ಲವನ್ನೂ ಅರಿಯುತ್ತಿರುವುದು ವಿಜ್ಞಾನಸ್ಕಂಧ. ಐದು ಸ್ಕಂಧಗಳೂ ಇಷ್ಟು ಸ್ಫುಟವಾಗಿ ಸನ್ನಿಹಿತವಾಗುವ ಅವಯವ ದೇಹದಲ್ಲಿ ಮತ್ತೊಂದಿಲ್ಲ. ಇಪ್ಪತ್ತರ ಸಾಧಕನು ಸ್ಕಂಧಪಂಚಕವನ್ನು ಪುಸ್ತಕದಲ್ಲಿ ಓದಿ ತಿಳಿಯಬೇಕು. ವಿಲಂಬೋಪಾಸಕನಿಗೆ ಅದು ಎರಡು ಪ್ರತಿಗಳಲ್ಲಿ ಜನ್ಮದತ್ತ.

ಧ್ವನಿಭೇದದಿಂದ ಮೊಣಕಾಲು ತ್ರಿವಿಧ. ಕೂರುವಾಗ ಒಂದೇ ಸಲ ‘ಲಟಕ್’ ಎನ್ನುವುದು ಸಕೃದ್ಧ್ವನಿ. ಕೂರುವಾಗಲೂ ಏಳುವಾಗಲೂ ಕರಕರ ಎನ್ನುವುದು ನಿರಂತರಧ್ವನಿ. ಯಾವ ಸದ್ದನ್ನೂ ಮಾಡದ್ದು ಶಸ್ತ್ರಚಿಕಿತ್ಸೆಯಲ್ಲಿ ಬದಲಾಯಿಸಿದ್ದು.

ಉಪಧಾನ, ಅರ್ಥಾತ್ ದಿಂಬು, ಈ ಪ್ರಕರಣದ ಅಂಗ. ಬೆಂಗಳೂರಿನ ಹೊರವಲಯದ ಧಮ್ಮ ಪಫುಲ್ಲದಲ್ಲಾಗಲಿ, ಇಗತ್‌ಪುರಿಯ ಧಮ್ಮಗಿರಿಯಲ್ಲಾಗಲಿ, ಹತ್ತು ದಿನದ ಶಿಬಿರದಲ್ಲಿ ಉಪಧಾನದ ವಿಕಾಸ ಒಂದೇ ಕ್ರಮವನ್ನು ಅನುಸರಿಸುತ್ತದೆ. ಮೊದಲ ದಿನ ಎಲ್ಲರಿಗೂ ಒಂದು ಚೌಕಾಕಾರದ ಮೆತ್ತೆ. ಎರಡನೆಯ ದಿನ ಪೃಷ್ಠಭಾಗಕ್ಕೆ ಇನ್ನೊಂದು. ಮೂರನೆಯ ದಿನ ಎರಡು ಮೊಣಕಾಲಿಗೂ ಒಂದೊಂದು, ಕಣಕಾಲಿನ ಕೆಳಗೆ ಮಡಿಸಿದ ಟವೆಲು, ಸೊಂಟದ ಹಿಂದೆ ಸುತ್ತಿಟ್ಟ ಶಾಲು. ನಾಲ್ಕನೆಯ ದಿನ, ಕೈ ಕಾಲು ಕದಲಿಸದೆ ಒಂದು ಗಂಟೆ ಕೂರುವ ಅಧಿಷ್ಠಾನ ಆರಂಭವಾಗುವ ಹೊತ್ತಿಗೆ, ಪ್ರತಿಯೊಬ್ಬ ಹಿರಿಯನೂ ಒಂದು ಸಣ್ಣ ದುರ್ಗದ ಅಧಿಪತಿ. ದಿಂಬುಗಳ ಸಂಖ್ಯೆ ಹೆಚ್ಚಿದಂತೆ ನೋವು ಕಡಿಮೆಯಾಗುವುದೆಂಬ ಅನುಮಾನಕ್ಕೆ ಏಳನೆಯ ದಿನ ಬಾಧಕ ಬರುತ್ತದೆ: ದಿಂಬು ಆರು, ನೋವು ಏಳು. ಆಗ ಸಾಧಕನು ಒಂದೊಂದೇ ದಿಂಬನ್ನು ಹಿಂದಕ್ಕೆ ಕೊಡುತ್ತ ಬರುತ್ತಾನೆ. ಇದನ್ನು ನಾವು ವೈರಾಗ್ಯವೆಂದು ಕರೆಯದೆ ಪ್ರತ್ಯರ್ಪಣವೆಂದಷ್ಟೇ ಕರೆದಿದ್ದೇವೆ.

ಪ್ರತ್ಯರ್ಪಣವೂ ವಿಫಲವಾದರೆ ಕುರ್ಚಿ. ಇಲ್ಲಿ ಗಂಭೀರವಾದ ಶೀಲಪ್ರಶ್ನೆಯೊಂದಿದೆ. ಅಷ್ಟಶೀಲದ ಕೊನೆಯದು ಉಚ್ಚ ಮತ್ತು ಮಹಾ ಶಯನಗಳ ವರ್ಜನೆ. ಭಿಕ್ಷುವಿನ ಮಂಚದ ಕಾಲು ಎಂಟು ಅಂಗುಲ ಮೀರಬಾರದೆಂದು ವಿನಯದಲ್ಲಿ ಪ್ರತ್ಯೇಕ ನಿಯಮವೂ ಇದೆ. ಪ್ಲಾಸ್ಟಿಕ್ ಕುರ್ಚಿಯ ಕಾಲು ಈ ಪ್ರಮಾಣವನ್ನು ನಿಸ್ಸಂಶಯವಾಗಿ ಮೀರುತ್ತದೆ. ಹಾಗಾದರೆ ಕುರ್ಚಿಯಲ್ಲಿ ಕುಳಿತು ಶೀಲ ಪಾಲಿಸುವುದು ಹೇಗೆ? ಸಿದ್ಧಾಂತ: ಪ್ಲಾಸ್ಟಿಕ್ ಕುರ್ಚಿ ಉಚ್ಚವಾದರೂ ಮಹಾ ಅಲ್ಲ. ನಿಷೇಧದ ಆಶಯ ವಿಲಾಸ. ಸೀಳು ಬಿಟ್ಟ ಬೆನ್ನಿನ, ಒಂದು ಕಾಲು ಗಿಡ್ಡವಾದ, ಮದುವೆ ಛತ್ರದ ಹಳೆಯ ದಾಸ್ತಾನಿನಂಥ ಕುರ್ಚಿಯಲ್ಲಿ ವಿಲಾಸ ಸಂಭವಿಸುವುದಿಲ್ಲ. ಮನೆಯ ಆರ್ಥೋಪೆಡಿಕ್ ಹಾಸಿಗೆಯ ವಿಷಯ ಬೇರೆ. ಅದು ಉಚ್ಚವೂ ಹೌದು, ಮಹಾವೂ ಹೌದು, ಹತ್ತು ವರ್ಷದ ವಾರಂಟಿಯೂ ಇರುವುದರಿಂದ ಅನಿತ್ಯತೆಗೂ ವಿರುದ್ಧ.

ಕುರ್ಚಿಗಳನ್ನು ಮಂದಿರದ ಹಿಂದಿನ ಸಾಲಿನಲ್ಲಿ ಹಾಕಿರುತ್ತಾರೆ. ಕೆಳಗೆ ಕುಳಿತವರು ಮೇಲೆ ಕುಳಿತವರನ್ನು ಕೀಳಾಗಿ ನೋಡುವ ಸಭೆ ನಮಗೆ ತಿಳಿದಂತೆ ಇದೊಂದೇ. ಆದುದರಿಂದ ಕುರ್ಚಿಯವರು ತಾವಾಗಿಯೇ ಕಾರಣ ಹೇಳುತ್ತಾರೆ. ಶಿಬಿರದಲ್ಲಿ ಮಾತಾಡಬಾರದೆಂಬ ಆರ್ಯಮೌನವಿರುವ ಕಾರಣ ಆ ಹೇಳಿಕೆ ಸೊಂಟಕ್ಕೆ ಕೈಯಿಟ್ಟು ಮುಖ ಕಿವುಚುವ ರೂಪದಲ್ಲಿರುತ್ತದೆ. ಇದು ಮೌನಭಂಗವೇ? ಸಂಜ್ಞೆಯೂ ನಿಷಿದ್ಧವೆಂಬ ನಿಯಮವಿರುವುದರಿಂದ ಹೌದು. ಆದರೆ ನೋವು ನಿಜವಾಗಿದ್ದರೆ ಅದು ಸಂಜ್ಞೆಯಲ್ಲ, ಲಕ್ಷಣ. ಇದನ್ನು ನಿರ್ಣಯಿಸಲು ಎಕ್ಸ್‌ರೇ ಬೇಕು.

6. ನಿದ್ರಾಸಮಾಧಿ ವಿವೇಕ

ಪಂಚ ನೀವರಣಗಳಲ್ಲಿ ಮೂರನೆಯದಾದ ಥೀನಮಿದ್ಧವು, ಅರ್ಥಾತ್ ಜಡತೆ ತೂಕಡಿಕೆಗಳು, ವಿಲಂಬೋಪಾಸಕನಲ್ಲಿ ಸಮಾಧಿಯನ್ನು ಬಹುಮಟ್ಟಿಗೆ ಹೋಲುತ್ತದೆ. ಉಸಿರು ನಿಧಾನವಾಗುತ್ತದೆ, ಮುಖ ಶಾಂತವಾಗುತ್ತದೆ, ಬಾಹ್ಯ ವಿಷಯಗಳಿಂದ ಇಂದ್ರಿಯಗಳು ಹಿಂದೆ ಸರಿಯುತ್ತವೆ. ವಿವೇಚನೆಗೆ ನಮ್ಮ ಶಾಸ್ತ್ರ ಎರಡು ಲಿಂಗಗಳನ್ನು ಒದಗಿಸುತ್ತದೆ. ಒಂದು ಗ್ರೀವಾಲಿಂಗ: ಸಮಾಧಿಯಲ್ಲಿ ಕುತ್ತಿಗೆ ನೆಟ್ಟಗಿದ್ದು, ನಿದ್ರೆಯಲ್ಲಿ ಮೆಲ್ಲನೆ ಇಳಿದು ಥಟ್ಟನೆ ಮೇಲೇಳುತ್ತದೆ. ಎರಡು ಪ್ರತಿವಚನಲಿಂಗ: “ಮಲಗಿದ್ರಾ?” ಎಂದು ಕೇಳಿದರೆ ಸಮಾಧಿಸ್ಥನು ಉತ್ತರಿಸುವುದಿಲ್ಲ, ನಿದ್ರಿತನು ತಕ್ಷಣ “ಇಲ್ಲ” ಎನ್ನುತ್ತಾನೆ.

ಶಿಷ್ಯ ಮೊಗ್ಗಲ್ಲಾನನು ಸಾಧನಾಕಾಲದಲ್ಲಿ ತೂಕಡಿಸಿದಾಗ ಬುದ್ಧನು ಪರಿಹಾರಗಳನ್ನು ಕ್ರಮವಾಗಿ ಉಪದೇಶಿಸಿದ್ದಾನೆ. ತೂಕಡಿಕೆ ತಂದ ಆಲೋಚನೆಯನ್ನು ಬಿಡು, ಹೋಗದಿದ್ದರೆ ಕೇಳಿದ ಧರ್ಮವನ್ನು ಮನನ ಮಾಡು, ಹೋಗದಿದ್ದರೆ ಗಟ್ಟಿಯಾಗಿ ಪಠಿಸು, ಕಿವಿಯ ಹಾಲೆ ಎಳೆದುಕೊಂಡು ಮೈ ತಿಕ್ಕಿಕೋ, ಎದ್ದು ಕಣ್ಣಿಗೆ ನೀರು ಹಾಕಿಕೊಂಡು ನಕ್ಷತ್ರಗಳನ್ನು ನೋಡು, ಬೆಳಕನ್ನು ಭಾವಿಸು, ಅಡ್ಡಾಡು, ಕೊನೆಗೂ ಹೋಗದಿದ್ದರೆ ಏಳುವ ಎಚ್ಚರವಿಟ್ಟುಕೊಂಡು ಬಲಮಗ್ಗುಲಾಗಿ ಮಲಗು. ವಿಲಂಬೋಪಾಸಕರು ಸೂತ್ರವನ್ನು ಪ್ರಮಾಣವೆಂದು ಒಪ್ಪುತ್ತಾರೆ, ಕ್ರಮವನ್ನು ಒಪ್ಪುವುದಿಲ್ಲ. ಶಿಬಿರದಲ್ಲಿ ನಾಲ್ಕು ಗಂಟೆಯ ಗಂಟೆ ಕೇಳಿದ ಮೇಲೆ ಕೋಣೆಯಲ್ಲಿಯೇ ಧ್ಯಾನಿಸುವ ಅವಕಾಶವನ್ನು ಆರಿಸಿಕೊಂಡವರಲ್ಲಿ ಅನೇಕರು ನೇರವಾಗಿ ಎಂಟನೆಯ ಪರಿಹಾರಕ್ಕೆ ಬರುತ್ತಾರೆ. ಬಲಮಗ್ಗುಲೆಂಬ ಅಂಶವನ್ನು ಮಾತ್ರ ನಿಷ್ಠೆಯಿಂದ ಪಾಲಿಸುತ್ತಾರೆ.

7. ಫಲನಿರ್ಣಯ

ಸಾಧನೆ ಫಲಿಸಿತೇ ಎಂಬುದನ್ನು ಯಾವ ಪ್ರಮಾಣದಿಂದ ತಿಳಿಯಬೇಕು? ಪ್ರತ್ಯಕ್ಷವು ಸಾಧಕನದು, ಆತ ಪಕ್ಷಪಾತಿ. ರಕ್ತದೊತ್ತಡದ ಅಂಕಿಗಳಿಂದ ಅನುಮಾನ ಮಾಡಬಹುದಾದರೂ ಮಾತ್ರೆಯನ್ನೂ ನುಂಗುತ್ತಿರುವುದರಿಂದ ಹೇತು ಅಸಿದ್ಧ. ಉಳಿದದ್ದು ಶಬ್ದ. ಆಪ್ತವಾಕ್ಯವೇ ಶಬ್ದಪ್ರಮಾಣವೆಂದೂ, ಯಥಾರ್ಥವನ್ನು ನುಡಿಯುವವನೇ ಆಪ್ತನೆಂದೂ ತಾರ್ಕಿಕರು ಹೇಳಿರುವುದರಿಂದ, ಇಲ್ಲಿ ಆಪ್ತೆ ಪತ್ನಿ.

ರಾಜಾಜಿನಗರದ ಒಂದು ಮನೆಯಲ್ಲಿ, ಸೊಪ್ಪು ಬಿಡಿಸುತ್ತಿದ್ದ ಗೃಹಿಣಿಯಿಂದ ನಾವು ಪಡೆದ ಸಾಕ್ಷ್ಯ ಹೀಗಿದೆ: “ಏನ್ ಬದಲಾವಣೆ ಅಂತ ಹೇಳ್ಲಿ? ಮೊದ್ಲು ಬಾಯಿಗಿಟ್ಟ ತಕ್ಷಣ ಸಾರಿಗೆ ಉಪ್ಪು ಕಮ್ಮಿ ಅಂತ ಕೂಗೋರು. ಈಗ ಕಣ್ಣು ಮುಚ್ಕೊಂಡು ಒಂದು ನಿಮಿಷ ಸುಮ್ನೆ ಕೂತಿದ್ದು, ಆಮೇಲೆ ಉಪ್ಪು ಕಮ್ಮಿ ಅಂತಾರೆ.”

ಸಾಮಾನ್ಯ ಓದುಗರಿಗೆ ಇದು ದೂರಿನಂತೆ ಕಂಡೀತು. ಶಾಸ್ತ್ರದೃಷ್ಟಿಯಲ್ಲಿ ಇದರ ಮಹತ್ತ್ವ ಅಪಾರ. ದ್ವಾದಶ ನಿದಾನಗಳಲ್ಲಿ ಏಳನೆಯದು ವೇದನೆ, ಎಂಟನೆಯದು ತೃಷ್ಣೆ. ನಾಲಿಗೆಗೆ ರುಚಿ ತಾಗಿದ್ದು ಸ್ಪರ್ಶ, ಹಿತವಲ್ಲವೆನಿಸಿದ್ದು ವೇದನೆ, ಉಪ್ಪು ಬೇಕೆಂಬುದು ತೃಷ್ಣೆ. ಏಳಕ್ಕೂ ಎಂಟಕ್ಕೂ ನಡುವೆ ಬಿರುಕು ಮೂಡಿಸುವುದೇ ವಿಪಶ್ಯನೆಯ ಇಡೀ ಉದ್ಯಮ. ಮದುವೆಯಾದಂದಿನಿಂದ ಶೂನ್ಯವಾಗಿದ್ದ ಆ ಅಂತರ ಈಗ ಒಂದು ನಿಮಿಷವಾಗಿದೆ. ಇದಕ್ಕೆ ನಾವು ಲವಣಾಂತರವೆಂದು ಹೆಸರಿಟ್ಟು, ಫಲಮಾಪನದ ಏಕಮಾನವಾಗಿ ಸ್ವೀಕರಿಸಿದ್ದೇವೆ. ಸಾರಿಗೆ ಉಪ್ಪು ನಿಜವಾಗಿಯೂ ಕಡಿಮೆಯಿತ್ತೇ ಎಂಬುದು ಅಪ್ರಸ್ತುತ. ವೈದ್ಯಮೂಲನ ಮನೆಯಾದ್ದರಿಂದ ಕಡಿಮೆಯೇ ಇದ್ದಿರಬೇಕು.

ಲವಣಾಂತರವು ಮನೆಯ ಹೊರಗೂ ಉಳಿಯುವುದೇ ಎಂಬ ಪ್ರಶ್ನೆಗೆ ನಮ್ಮ ಮುಂದೆ ಒಂದೇ ಪ್ರಕರಣವಿದೆ. ಶಿಬಿರ ಮುಗಿಸಿ ತುಮಕೂರು ರಸ್ತೆಯ ಬಸ್ಸಿನಲ್ಲಿ ಯಶವಂತಪುರಕ್ಕೆ ಬಂದಿಳಿದ ಓರ್ವ ಉಪಾಸಕನಿಗೆ ಆಟೋ ಚಾಲಕನು “ಮೀಟರ್ ಮೇಲೆ ಐವತ್ತು ಕೊಡಿ ಸಾರ್” ಎಂದನು. ಉಪಾಸಕನು ತಕ್ಷಣ ರೇಗದೆ, ಕಣ್ಣು ಮುಚ್ಚಿ, ಎದೆಯಲ್ಲಿ ಎದ್ದ ಬಿಸಿಯನ್ನು ಗಮನಿಸುತ್ತ ನಿಂತನು. ಚಾಲಕನು ಬ್ಯಾಗನ್ನು ಒಳಗಿಟ್ಟು, ಇವರನ್ನು ಹತ್ತಿಸಿಕೊಂಡು ಹೊರಟನು. ಮನೆಯ ಮುಂದೆ ಇಳಿದಾಗ ಉಪಾಸಕನ ಪಕ್ಷ: ನಾನು ಒಪ್ಪಿಯೇ ಇಲ್ಲ. ಚಾಲಕನ ಪಕ್ಷ: ಬೇಡ ಅನ್ನಲಿಲ್ಲವಲ್ಲ. ಭೋಜನದ ಆಹ್ವಾನಗಳಿಗೆ ಬುದ್ಧನು ಮೌನದಿಂದಲೇ ಸಮ್ಮತಿ ಸೂಚಿಸುತ್ತಿದ್ದನೆಂದು ಸುತ್ತಗಳು ಪದೇ ಪದೇ ಹೇಳುವುದರಿಂದ ಆಗಮವು ಚಾಲಕನ ಕಡೆಗಿದೆ. ಆದರೆ ಆ ಮೌನ ಆಹ್ವಾನಕ್ಕೆ ಸಂಬಂಧಿಸಿದ್ದು, ಬಾಡಿಗೆಗಲ್ಲ ಎಂದು ಉಪಾಸಕನು ಲಿಖಿತ ಪ್ರತಿವಾದ ಸಲ್ಲಿಸಿದ್ದಾನೆ. ಚಾಲಕನ ಹೇಳಿಕೆಯನ್ನು ಪೂರ್ಣವಾಗಿ ದಾಖಲಿಸಿಕೊಳ್ಳಲು ನಾವು ಯಶವಂತಪುರದ ಸ್ಟ್ಯಾಂಡಿಗೆ ಹೋಗಬೇಕಾಗಿದೆ. ಅಲ್ಲಿಯವರೆಗೆ ಐವತ್ತು ರೂಪಾಯಿ ಪತ್ನಿಯ ವಶದಲ್ಲಿರತಕ್ಕದ್ದು.